ಹಳೇ ಬೋಟಿನ ಕ್ಯಾಬಿನ್ ಕಿಟಕಿ ಸೋರ್ತಿದೆ: ಮತ್ತೆ ಸಿಲಿಕೋನ್ ಮೆತ್ತೋದಾ, ಪೂರ್ತಿ ಬಿಚ್ಚಿ ಹೊಸದು ಹಾಕೋದಾ?

ನೆನೆದಹಾಸಿಗೆ:

ಎಲ್ರಿಗೂ ನಮಸ್ಕಾರ. ನನ್ನ ಹತ್ರ ಇರೋದು 28 ಅಡಿಯ ಫೈಬರ್ ಹಾಯಿ ಬೋಟು, 1978ರದ್ದು. ಕ್ಯಾಬಿನ್ನಿನ ಎರಡೂ ಪಕ್ಕ ಎರಡೆರಡು ಕಿಟಕಿ, ತೆಗೆದು ಮುಚ್ಚೋ ಥರದ್ದಲ್ಲ, ಫಿಕ್ಸೆಡ್. ಹಿಂದಿನದು ಉದ್ದ, 900 ಮಿಮೀ ಹತ್ತತ್ರ ಇದೆ, ಮುಂದಿನದು ಚಿಕ್ಕದು. ಸುತ್ತ ಅಲ್ಯೂಮಿನಿಯಂ ಫ್ರೇಮು, ನಡುವೆ 6 ಮಿಮೀ ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್) ಹಾಳೆ ಅನ್ಸತ್ತೆ, ಈಗ ಎಷ್ಟು ಮಂಜಾಗಿದೆ ಅಂದ್ರೆ ಹೊರಗೆ ನಿಂತಿರೋದು ಮನುಷ್ಯನೋ ಕಂಬಾನೋ ಗೊತ್ತಾಗಲ್ಲ, ಮೈಯೆಲ್ಲ ಜೇಡರ ಬಲೆ ಥರ ಸಣ್ಣ ಸಣ್ಣ ಬಿರುಕು.

ಅದನ್ನ ಸಹಿಸ್ಕೊಂಡಿದ್ದೆ ಬಿಡಿ, ಆದ್ರೆ ಮಳೆ ಬಂದ್ರೆ ಒಳಗೆ ನೀರು. ಯಾವಾಗ್ಲೂ ಒಂದೇ ಜಾಗ, ಉದ್ದ ಕಿಟಕಿಯ ಕೆಳಗಿನ ಮೂಲೆ, ಅಲ್ಲಿಂದ ಇಳಿದು ಸೀದಾ ನಾನು ಮಲಗೋ ಹಾಸಿಗೆಗೆ. ಹಿಂದಿನ ಮಾಲೀಕರು ಸೋರಿದಾಗಲೆಲ್ಲ ಹೊರಗಿಂದ ಸಿಲಿಕೋನ್ ಎಳೆದಿದಾರೆ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು, ಹೋದ ಸಲ ನಾನೂ ಒಂದು ಪದರ ಸೇರಿಸ್ದೆ, ಹಾಗಾಗಿ ಪಾಪದಲ್ಲಿ ನಂದೂ ಪಾಲಿದೆ. ಎರಡು ತಿಂಗಳು ಸುಮ್ನಿತ್ತು, ಆಮೇಲೆ ಮೊದಲಿಗಿಂತ ಜಾಸ್ತಿ ಸೋರೋಕೆ ಶುರು.

ಈ ಸಲ ಪೂರ್ತಿ ಬಿಚ್ಚೋಣ ಅಂತ ಮನಸ್ಸು ಮಾಡಿದೀನಿ. ಅಕ್ರಿಲಿಕ್ಕೇ ಹಾಕೋದಾ ಪಾಲಿಕಾರ್ಬೊನೇಟಾ, ಇದೇ ಫ್ರೇಮು ಇಟ್ಕೊಳೋದಾ ಅಥವಾ ಈಗಿನ ಬೋಟುಗಳ ಥರ ಫ್ರೇಮೇ ಇಲ್ದೆ ಹೊರಗಿಂದ ಅಂಟಿಸೋದಾ, ಅಂಟಿಸೋದಾದ್ರೆ ಯಾವುದ್ರಲ್ಲಿ? ಇನ್ನೊಂದು, ಕ್ಯಾಬಿನ್ ಗೋಡೆ ಪೂರ್ತಿ ನೆಟ್ಟಗಿಲ್ಲ, ಸ್ವಲ್ಪ ಬಾಗಿದೆ, ಹೊಸ ಹಾಳೆ ಅದಕ್ಕೆ ಬಗ್ಗತ್ತಾ? ಮರಗೆಲಸ ಅಲ್ಪಸ್ವಲ್ಪ ಬರತ್ತೆ, ಕಿಟಕಿ ಕೆಲಸ ಇದೇ ಮೊದಲು.

ಉಪ್ಪುನೀರು:

ಮೊದಲು ಸೋರ್ತಿರೋದು ಕಿಟಕೀನೇ ಅಂತ ಖಾತ್ರಿ ಮಾಡ್ಕೊಂಡ್ರಾ? ನೀರು ಕಾಣೋ ಜಾಗಕ್ಕೂ ಒಳಗೆ ನುಗ್ಗೋ ಜಾಗಕ್ಕೂ ಸಂಬಂಧ ಇರಬೇಕು ಅಂತೇನಿಲ್ಲ. ಡೆಕ್ಕಿಗೂ ಒಳಗಿನ ಲೈನಿಂಗಿಗೂ ನಡುವೆ ಜಾಗ ಇರತ್ತಲ್ಲ, ಮೇಲೆ ಹಿಡ್ಕೊಳೋ ಕಂಬಿಯ ಸ್ಕ್ರೂ ತೂತಲ್ಲಿ ಇಳಿದ ನೀರು ಅಲ್ಲೇ ಹರ್ಕೊಂಡು ಬಂದು ಕಿಟಕಿಗೆ ಅಂತ ಗೋಡೆ ಕೊರೆದ ಕಟ್ಔಟ್ ಸಿಕ್ಕಿದ ಕಡೆ ಹೊರಗೆ ಬೀಳತ್ತೆ, ಬೈಗುಳ ಕಿಟಕಿಗೆ.

ಒಬ್ರನ್ನ ಒಳಗೆ ಟಾರ್ಚ್ ಕೊಟ್ಟು ಕೂರ್ಸಿ. ನೀವು ಹೊರಗಿಂದ ಪೈಪಲ್ಲಿ ನೀರು ಬಿಡಿ, ಜೋರಾಗಿ ಬೇಡ, ಸುಮ್ನೆ ಹರಿಯೋ ಹಾಗೆ. ಕೆಳಗಿಂದ ಶುರು ಮಾಡಿ ಮೇಲಕ್ಕೆ ಹೋಗ್ಬೇಕು, ಮೇಲಿಂದ ಶುರು ಮಾಡಿದ್ರೆ ಎಲ್ಲಾ ಒಟ್ಟಿಗೆ ಒದ್ದೆಯಾಗಿ ಏನೂ ತಿಳಿಯಲ್ಲ. ಫ್ರೇಮಿನ ಕೆಳ ಅಂಚಿಗೆ ಹತ್ತು ನಿಮಿಷ, ಆಮೇಲೆ ಪಕ್ಕ, ಆಮೇಲೆ ಮೇಲಂಚು, ಕೊನೆಗೆ ಕಂಬಿಯ ಬುಡ. ಒಳಗೆ ಕಿಟಕಿ ಸುತ್ತ ಟಾಲ್ಕಂ ಪೌಡರ್ ಉದುರ್ಸಿದ್ರೆ ನೀರು ಹರಿದ ದಾರಿ ಗೆರೆ ಎಳೆದಂಗೆ ಕಾಣತ್ತೆ. ಗಾಳಿ ಊದೋ ಬ್ಲೋವರ್ ಇದ್ರೆ ಇನ್ನೂ ಒಳ್ಳೇದು, ಎಲ್ಲಾ ಮುಚ್ಚಿ ಒಳಗೆ ಗಾಳಿ ತುಂಬ್ಸಿ ಹೊರಗಿಂದ ಸೋಪು ನೀರು ಹಚ್ಚಿದ್ರೆ ತೂತಿರೋ ಕಡೆ ಗುಳ್ಳೆ ಏಳತ್ತೆ. ಇದು ಮಾಡ್ದೆ ಹಾಳೆಗೆ ಆರ್ಡರ್ ಕೊಡಬೇಡಿ.

ಮಿಲಿಮೀಟರ್:

ಮೇಲಿನವರು ಹೇಳಿದ್ದು ಸರಿ, ಟೆಸ್ಟ್ ಮಾಡಿ. ನಾನು ಹಾಳೆ ವಿಷಯ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ, ಯಾಕಂದ್ರೆ ಇದ್ರಲ್ಲಿ ನಾನು ಎರಡು ಸಲ ಕೈ ಸುಟ್ಕೊಂಡಿದೀನಿ.

ಅಕ್ರಿಲಿಕ್ ಅಂದ್ರೆ ಪ್ಲೆಕ್ಸಿಗ್ಲಾಸ್, ಪರ್ಸ್ಪೆಕ್ಸ್ ಅಂತೆಲ್ಲ ಬರೋದು. ಪಾಲಿಕಾರ್ಬೊನೇಟ್ ಅಂದ್ರೆ ಲೆಕ್ಸಾನ್, ಮ್ಯಾಕ್ರೊಲಾನ್. ಸುತ್ತಿಗೇಲಿ ಹೊಡೆದ್ರೆ ಪಾಲಿಕಾರ್ಬೊನೇಟ್ ಒಡೆಯಲ್ಲ, ಅಕ್ರಿಲಿಕ್ ಜೋರಾಗಿ ಹೊಡೆದ್ರೆ ಸೀಳತ್ತೆ, ಇದನ್ನ ಕೇಳಿದ ಕೂಡ್ಲೆ ಎಲ್ರೂ ಪಾಲಿಕಾರ್ಬೊನೇಟ್ ಕಡೆ ಓಡ್ತಾರೆ, ನಾನೂ ಓಡ್ದೆ. ಆದ್ರೆ ಅದು ಮೆತ್ತಗೆ, ಬೇಗ ಗೀರಾಗತ್ತೆ, ಕೋಟಿಂಗ್ ಇಲ್ದೇ ಇರೋದು ಬಿಸಿಲಿಗೆ ಹಳದಿ ತಿರುಗತ್ತೆ. ಜೊತೆಗೆ ಅಷ್ಟೇ ದಪ್ಪದ ಅಕ್ರಿಲಿಕ್‌ಗಿಂತ ಜಾಸ್ತಿ ಬಗ್ಗತ್ತೆ, ಅಲೆ ಬಂದು ಅಪ್ಪಳಿಸಿದಾಗ ಒಡೆಯದೇ ಇದ್ರೂ ಹೊಟ್ಟೆ ಒಳಗೆ ಹೋಗಿ ಫ್ರೇಮಿಂದ ಕಳಚ್ಕೊಳ್ಳೋ ಸಾಧ್ಯತೆ ಇರತ್ತೆ. ಅಕ್ರಿಲಿಕ್ ಗಡಸು, ಬಿಸಿಲು ತಡೆಯತ್ತೆ, ಗೀರಾದ್ರೆ ಪಾಲಿಶ್ ಮಾಡಬಹುದು. ನಿಮ್ಮ ಕಿಟಕಿ ಅಳತೆಗೆ ನಾನಾದ್ರೆ ಅಕ್ರಿಲಿಕ್ ಹಾಕ್ತೀನಿ. ಆದ್ರೆ ಕೇಳುವಾಗ ಕಾಸ್ಟ್ ಅಕ್ರಿಲಿಕ್ ಅಂತ್ಲೇ ಕೇಳಿ. ಎಕ್ಸ್‌ಟ್ರೂಡೆಡ್ ಅಂತ ಇನ್ನೊಂದಿದೆ, ನೋಡೋಕೆ ಎರಡೂ ಒಂದೇ, ಎಕ್ಸ್‌ಟ್ರೂಡೆಡ್‌ನಲ್ಲಿ ಈ ಜೇಡರ ಬಲೆ ಬಿರುಕು ಬೇಗ ಏಳತ್ತೆ. ಟೆಂಪರ್ಡ್ (ಕಾಯ್ಸಿ ಗಟ್ಟಿ ಮಾಡಿದ) ಗಾಜು ಬೇಕು ಅನ್ನೋರೂ ಇದಾರೆ, ಗೀರಾಗಲ್ಲ, ಮಂಜಾಗಲ್ಲ, ನಿಜ, ಆದ್ರೆ ಒಂದು ಸಲ ಟೆಂಪರ್ ಮಾಡಿದ್ಮೇಲೆ ಕತ್ತರಿಸೋಕಾಗಲ್ಲ, ಅಳತೆ ಒಂಚೂರು ತಪ್ಪಿದ್ರೂ ಅದು ಟೇಬಲ್ ಮೇಲಿಡೋ ಗಾಜೇ. ಬಾಗಿದ ಗೋಡೆಗಂತೂ ಆಗೋ ಮಾತಲ್ಲ.

ಬಾಗಿದ ಲೆಕ್ಕ ಹೀಗೆ ನೋಡ್ಕೊಳಿ. ಕಿಟಕಿಯ ಎರಡು ತುದಿಗೆ ದಾರ ಬಿಗಿಯಾಗಿ ಹಿಡಿದು, ನಡುವೆ ದಾರಕ್ಕೂ ಗೋಡೆಗೂ ಎಷ್ಟು ಅಂತರ ಬರತ್ತೆ ಅಳೆಯಿರಿ. ಉದ್ದವನ್ನ ಉದ್ದದಿಂದಲೇ ಗುಣಿಸಿ, ಅಂತರದ ಎಂಟರಷ್ಟರಿಂದ ಭಾಗಿಸಿದ್ರೆ ಬಾಗಿನ ರೇಡಿಯಸ್ ಸಿಗತ್ತೆ. ಬಿಸಿ ಮಾಡದೆ ಬಗ್ಗಿಸೋಕೆ ಅಕ್ರಿಲಿಕ್‌ಗೆ ದಪ್ಪದ ಸುಮಾರು 300 ಪಟ್ಟು ರೇಡಿಯಸ್ ಬೇಕು, ಪಾಲಿಕಾರ್ಬೊನೇಟಿಗೆ 100ರಿಂದ 150 ಪಟ್ಟು ಸಾಕು. 6 ಮಿಮೀ ಅಕ್ರಿಲಿಕ್ ಅಂದ್ರೆ ಸುಮಾರು 1.8 ಮೀಟರು. ಅದಕ್ಕಿಂತ ಬಿಗಿಯಾಗಿ ಬಗ್ಗಿಸಿದ್ರೆ ಅವತ್ತು ಏನೂ ಆಗಲ್ಲ, ವರ್ಷ ಕಳೆದ್ಮೇಲೆ ಬಿರುಕು ತೋರಿಸತ್ತೆ.

ಇನ್ನು ಮುಖ್ಯವಾದ್ದು, ಇದನ್ನ ಯಾರೂ ಹೇಳಲ್ಲ: ಪ್ಲಾಸ್ಟಿಕ್ ಹಿಗ್ಗತ್ತೆ. ಅಕ್ರಿಲಿಕ್ ಒಂದು ಮೀಟರಿಗೆ ಒಂದು ಡಿಗ್ರಿಗೆ 0.07 ಮಿಮೀ. ಕೇಳೋಕೆ ಏನೂ ಅಲ್ಲ. ತಂಪಿನ ದಿನ 10 ಡಿಗ್ರೀಲಿ ಕೂರ್ಸಿದ್ರಿ, ಬಿಸಿಲಲ್ಲಿ ಕಪ್ಪು ಛಾಯೆಯ ಹಾಳೆ 60 ಡಿಗ್ರಿಗೆ ಹೋಯ್ತು ಅಂದ್ಕೊಳಿ, ನಿಮ್ಮ 900 ಮಿಮೀ ಹಾಳೆ 3 ಮಿಮೀಗಿಂತ ಜಾಸ್ತಿ ಉದ್ದ ಆಗತ್ತೆ. ಅದೇ ಉದ್ದದ ಅಲ್ಯೂಮಿನಿಯಂ ಬರೀ 1 ಮಿಮೀ. ಅಂದ್ರೆ ಫ್ರೇಮಿನೊಳಗೆ ಹಾಳೆ ದಿನಾ ಬೆಳಗ್ಗೆ ಸಂಜೆ ಎರಡು ಮಿಮೀ ಓಡಾಡ್ತಿರತ್ತೆ, ಓಡಾಡೋಕೆ ಜಾಗ ಕೊಡ್ಲಿಲ್ಲ ಅಂದ್ರೆ ಅದೇ ಜಾಗ ಮಾಡ್ಕೊಳತ್ತೆ, ಸಂದಿ ಮುಚ್ಚಿರೋ ಸೀಲಂಟ್ ಕಿತ್ತು. ನನ್ನ ಮೊದಲನೇ ಸಲ ಇದೇ ಆಗಿದ್ದು, ಅಳತೆ ಕರಾರುವಾಕ್ಕಾಗಿರ್ಲಿ ಅಂತ ಫ್ರೇಮಿಗೆ ಟೈಟಾಗಿ ಕತ್ತರಿಸ್ದೆ, ಕೂರ್ಸಿದಾಗ ನನಗೇ ಹೆಮ್ಮೆ, ಮೊದಲ ಬೇಸಿಗೇಲಿ ಮೂಲೆ ಟಪ್ ಅಂತು. ಒಟ್ಟು ಉದ್ದದಲ್ಲಿ 4 ಮಿಮೀ ಸಡಿಲ ಬಿಡಿ.

ಎರಡನೇಕೋಟ್:

ಫ್ರೇಮು ಬಿಸಾಕಿ ಗುರು. 1978ರ ಅಲ್ಯೂಮಿನಿಯಂ, ಸ್ಟೇನ್‌ಲೆಸ್ ಸ್ಕ್ರೂ, ಉಪ್ಪು ನೀರು, ಈ ಮೂರೂ ಸೇರಿ ಒಳಗೆ ಏನಾಗಿದೆಯೋ, ಬಿಚ್ಚಿದಾಗ ಅಲ್ಯೂಮಿನಿಯಂ ತುಕ್ಕಿನ ಬಿಳಿ ಪುಡಿ ಉದುರತ್ತೆ ನೋಡಿ. ನಾನು ನಾಲ್ಕೂ ಕಿಟಕಿ ಫ್ರೇಮ್‌ಲೆಸ್ ಮಾಡ್ದೆ, ಹೊರಗಿಂದ 10 ಮಿಮೀ ಅಕ್ರಿಲಿಕ್, ಕಟ್ಔಟ್ ಸುತ್ತ 30 ಮಿಮೀ ಗೋಡೆ ಮೇಲೆ ಕೂರೋ ಹಾಗೆ, ಮೊದಲು ವಿಎಚ್‌ಬಿ ಅನ್ನೋ ಎರಡೂ ಕಡೆ ಅಂಟೋ ಟೇಪು, ಅದರ ಹೊರಗೆ ಡೌಸಿಲ್ 795 ಅನ್ನೋ ಸಿಲಿಕೋನ್ ಅಂಟು. ಸ್ಕ್ರೂ ಇಲ್ಲ, ತೂತಿಲ್ಲ, ಒಂದು ಹನಿ ನೀರಿಲ್ಲ. ಬೋಟು ಇಪ್ಪತ್ತು ವರ್ಷ ಚಿಕ್ಕದಾದಂಗೆ ಕಾಣತ್ತೆ.

ಮಿಲಿಮೀಟರ್:

ಎರಡನೇಕೋಟ್ ಅವರೇ ನೀವು ಮಾಡಿದ್ದು ಚೆನ್ನಾಗೇ ಇರಬಹುದು, ಅದು ಕೆಲಸ ಮಾಡೋ ವಿಧಾನಾನೇ, ಆದ್ರೆ ಮೊದಲ ಸಲ ಮಾಡೋರಿಗೆ ಅಷ್ಟು ಸಲೀಸಾಗಿ ಹೇಳಬೇಡಿ. ಫ್ರೇಮು ಇದ್ರೆ ಹಾಳೇನ ಹಿಡಿಯೋದು ಲೋಹ, ಅಂಟು ಬರೀ ನೀರು ತಡೆಯೋಕೆ. ಫ್ರೇಮ್‌ಲೆಸ್ ಅಂದ್ರೆ ಎರಡೂ ಅಂಟಿಂದೇ ಜವಾಬ್ದಾರಿ. ಇವರ ಗೋಡೆಯಲ್ಲಿ ಹಿಂದಿನವರ ಸಿಲಿಕೋನ್ ಎಷ್ಟು ಇಳಿದಿದೆಯೋ ಗೊತ್ತಿಲ್ಲ, ಹಳೇ ಸಿಲಿಕೋನಿನ ಕಣ್ಣಿಗೆ ಕಾಣದ ಪದರ ಉಳಿದಿದ್ರೂ ಅದರ ಮೇಲೆ ಯಾವ ಅಂಟೂ ಸರಿಯಾಗಿ ಹಿಡಿಯಲ್ಲ. ಅಸಿಟೋನ್ ಹಾಕಿ ಒರೆಸಿದ್ರೆ ಹೋಗತ್ತೆ ಅನ್ಕೋತಾರೆ, ಹೋಗಲ್ಲ, ಇನ್ನೂ ಅಗಲಕ್ಕೆ ಹರಡತ್ತೆ ಅಷ್ಟೆ. ಬ್ಲೇಡಲ್ಲಿ ಕೆರೆದು ಆಮೇಲೆ ಸ್ಯಾಂಡ್‌ಪೇಪರ್ ಹಾಕಿ ಉಜ್ಜಬೇಕು. ಹೋಗಿದೆಯಾ ಅಂತ ನೋಡೋಕೆ ಮೇಲೆ ನೀರು ಚಿಮುಕಿಸಿ, ಹಾಳೆ ಥರ ಹರಡ್ಕೊಂಡ್ರೆ ಶುದ್ಧ, ಹನಿ ಹನಿ ಆಗಿ ನಿಂತ್ರೆ ಇನ್ನೂ ಇದೆ.

ಮತ್ತೆ ಬಾಗಿದ ಗೋಡೆ. ಫ್ರೇಮ್‌ಲೆಸ್ಸಲ್ಲಿ ಆ ಹಾಳೆ ನೆಟ್ಟಗಾಗೋಕೆ ಜೀವನ ಪೂರ್ತಿ ಒದ್ದಾಡ್ತಾ ಇರತ್ತೆ, ಎರಡು ತುದೀಲಿ ಅಂಟನ್ನ ಸುಲೀತಾ ಇರತ್ತೆ.

ಎರಡನೇಕೋಟ್:

ಬಾಗಿನ ವಿಷಯ ಒಪ್ತೀನಿ, ನಂದು ಹೆಚ್ಚುಕಮ್ಮಿ ನೆಟ್ಟಗಿತ್ತು. ಆದ್ರೆ ಫ್ರೇಮ್‌ಲೆಸ್ ಫೇಲಾಗೋದು ಬಹುತೇಕ ಅಂಟನ್ನ ಪೂರ್ತಿ ಹಿಂಡಿ ಹೊರಗೆ ಹಾಕೋದ್ರಿಂದ. ಜನ ಗಟ್ಟಿಯಾಗಿ ಒತ್ತಿದಷ್ಟೂ ಗಟ್ಟಿ ಹಿಡಿಯತ್ತೆ ಅನ್ಕೋತಾರೆ. ಹಾಳೆ ಗೋಡೆಗಿಂತ ಪ್ರತಿ ತುದೀಲಿ ಒಂದು ಮಿಮೀ ಜಾಸ್ತಿ ಸರಿದ್ರೆ, ಒಂದೇ ಮಿಮೀ ದಪ್ಪದ ಅಂಟು ತನ್ನ ದಪ್ಪದಷ್ಟೇ ಓರೆಯಾಗಬೇಕು. 3 ಮಿಮೀ ದಪ್ಪ ಬಿಟ್ರೆ ಅದೇ ಸರಿತ ಮೂರನೇ ಒಂದು ಪಾಲು. ನಾನು ಟೇಪು ಹಾಕೋದೇ ಅದಕ್ಕೆ, ಅದು 2.3 ಮಿಮೀ ದಪ್ಪದ ಫೋಮ್ ಟೇಪು, ಎಷ್ಟು ಒತ್ತಿದ್ರೂ ಅಂಟಿಗೆ ಅಷ್ಟು ದಪ್ಪ ಉಳಿಸತ್ತೆ.

ಉಪ್ಪುನೀರು:

ಸೀಲಂಟ್ ಬಗ್ಗೆ ಒಂದು ಎಚ್ಚರಿಕೆ ಇಲ್ಲೇ ಹಾಕ್ಬಿಡ್ತೀನಿ, ಯಾರಾದ್ರೂ ಅಂಗಡೀಲಿ ಬೋಟಿಗೆ ಅಂತ ಕೇಳಿದ್ರೆ ಪಾಲಿಸಲ್ಫೈಡ್ ಕೈಗೆ ಕೊಡ್ತಾರೆ. ಡೆಕ್ಕಿನ ಮರಕ್ಕೆ ಅದು ಬಂಗಾರ. ಅಕ್ರಿಲಿಕ್, ಪಾಲಿಕಾರ್ಬೊನೇಟಿಗೆ ವಿಷ, ಹಾಳೆಯನ್ನೇ ತಿನ್ನತ್ತೆ. ಮಾಮೂಲಿ ಪಾಲಿಯುರೆಥೇನೂ ಬೇಡ, ಪ್ಲಾಸ್ಟಿಕ್ ಕಿಟಕಿಗೆ ಅಂತ್ಲೇ ಬರೋ ಸಿಕಾಫ್ಲೆಕ್ಸ್ 295 ಯುವಿ ಥರದ್ದಾದ್ರೆ ಸರಿ, ಅದಕ್ಕೂ ಅವರು ಹೇಳಿದ ಪ್ರೈಮರ್ ಹಚ್ಚಲೇಬೇಕು. ಸಿಲಿಕೋನ್ ಆದ್ರೆ ವಿನೆಗರ್ ವಾಸನೆ ಬರೋದು ಬೇಡ, ಅದರಿಂದ ಬರೋ ಆಮ್ಲ ಅಲ್ಯೂಮಿನಿಯಂ ತಿನ್ನತ್ತೆ, ನ್ಯೂಟ್ರಲ್ ಕ್ಯೂರ್ ಅಂತ ಬರೆದಿರೋದು ತಗೊಳಿ.

ನೆನೆದಹಾಸಿಗೆ:

ಎಲ್ರಿಗೂ ಥ್ಯಾಂಕ್ಸ್, ನಿನ್ನೆ ಇಡೀ ದಿನ ಪೈಪ್ ಹಿಡ್ಕೊಂಡು ನಿಂತಿದ್ದೆ, ಮಗಳು ಒಳಗೆ ಟಾರ್ಚ್ ಹಿಡ್ಕೊಂಡು ಕೂತು ಪ್ರತಿ ಹನಿಗೂ ಕೂಗ್ತಿದ್ಲು. ಉಪ್ಪುನೀರು ಸರ್ ಹೇಳಿದ್ದು ಅರ್ಧ ನಿಜ ಆಯ್ತು. ಬಲಗಡೆ ಚಿಕ್ಕ ಕಿಟಕಿಯದು ಕಿಟಕಿ ಸೋರಿಕೆನೇ ಅಲ್ಲ, ಮೇಲಿನ ಕಂಬಿಯ ಎರಡನೇ ಸ್ಕ್ರೂದು! ಆದ್ರೆ ಉದ್ದದ ಎರಡೂ ಕಿಟಕಿ ಕೆಳ ಅಂಚಿಗೆ ನೀರು ಬಿಟ್ಟ ಐದೇ ನಿಮಿಷಕ್ಕೆ ಒಳಗೆ ಬಂತು.

ದಾರ ಹಿಡಿದು ಅಳೆದೆ, ನಡುವೆ 12 ಮಿಮೀ. ಮಿಲಿಮೀಟರ್ ಅವರ ಲೆಕ್ಕದಲ್ಲಿ ಹಾಕಿದ್ರೆ 8.4 ಮೀಟರ್ ಚಿಲ್ಲರೆ ಬಂತು, ಅಂದ್ರೆ ಅಕ್ರಿಲಿಕ್‌ಗೆ ಆರಾಮು ಅಲ್ವಾ? ಫ್ರೇಮು ಉಳಿಸ್ಕೊಳೋದು ಅಂತ ತೀರ್ಮಾನ ಮಾಡ್ದೆ. ಈ ವಾರ ಬಿಚ್ಚಬೇಕು. ಬಿಚ್ಚೋಕೆ ಏನಾದ್ರೂ ಕಿವಿಮಾತು?

ಮರಮುಟ್ಟು:

ಮಾರಾಯ್ರೆ, ಬಿಚ್ಚುವಾಗ ಫ್ರೇಮಿಗೆ ಸ್ಕ್ರೂಡ್ರೈವರ್ ಹಾಕಿ ಮೀಟ್ಬೇಡಿ, ಅಷ್ಟೇ ಹೇಳುದು ನಾನು. ಆ ಅಲ್ಯೂಮಿನಿಯಂ ಒಂದು ಸಲ ಬಾಗಿದ್ರೆ ಮತ್ತೆ ಮೊದಲಿನ ಹಾಗೆ ಆಗುದಿಲ್ಲ, ಹೊಸದು ಸಿಗುವುದೂ ಇಲ್ಲ. ಒಳಗಿನ ಸ್ಕ್ರೂ ಎಲ್ಲ ತೆಗೀರಿ, ಹಿಡ್ಕೊಂಡಿದ್ರೆ ಸೋಲ್ಡರಿಂಗ್ ಐರನ್ ತುದಿ ಸ್ಕ್ರೂ ತಲೆ ಮೇಲೆ ಒಂದೆರಡು ನಿಮಿಷ ಇಡಿ, ಬಿಸಿಗೆ ಸಡಿಲ ಆಗ್ತದೆ. ತಲೆ ಸವೆಯುವ ತನಕ ಜಗ್ಗಾಡ್ಬೇಡಿ, ಆಮೇಲೆ ಡ್ರಿಲ್ ಮಾಡಿ ತೆಗೆಯುದೇ ಗತಿ. ಹೊರಗಿಂದ ಹೀಟ್ ಗನ್ ಹದವಾಗಿ ತೋರ್ಸ್ತಾ ತೆಳು ಪುಟ್ಟಿ ಬ್ಲೇಡು ಫ್ರೇಮಿಗೂ ಗೋಡೆಗೂ ನಡುವೆ ತೂರ್ಸಿ, ಒಂದೇ ಕಡೆ ಎಬ್ಬಿಸುದಲ್ಲ, ಸುತ್ತ ಸುತ್ತ ಸ್ವಲ್ಪ ಸ್ವಲ್ಪ. ಇಲ್ಲಾಂದ್ರೆ ಗಿಟಾರ್ ತಂತಿಗೆ ಎರಡು ಮರದ ತುಂಡು ಕಟ್ಟಿ ಗರಗಸದ ಹಾಗೆ ಎಳೀರಿ, ಹಳೇ ಸೀಲಂಟ್ ಬೆಣ್ಣೆ ಥರ ಕೊಯ್ತದೆ.

ಫ್ರೇಮು ಹೊರಗೆ ಬಂದ ಮೇಲೆ ನೋಡಿ, ತುಂಬಾ ಹಳೇ ಫ್ರೇಮು ಎರಡು ತುಂಡು, ನಡುವೆ ಸಣ್ಣ ಪಟ್ಟಿ ಹಾಕಿ ಜೋಡ್ಸಿರ್ತಾರೆ. ಪಟ್ಟಿಯ ಸ್ಕ್ರೂ ತೆಗೆದ್ರೆ ಬಿಡಿಸ್ಕೊಳ್ತದೆ. ಪ್ರತಿಯೊಂದಕ್ಕೂ ಟೇಪ್ ಅಂಟ್ಸಿ ಎಡ ಬಲ ಮೇಲೆ ಕೆಳಗೆ ಬರೀರಿ, ನಾಲ್ಕೂ ಒಂದೇ ಥರ ಕಂಡ್ರೂ ಒಂದರದ್ದು ಇನ್ನೊಂದಕ್ಕೆ ಕೂರುದಿಲ್ಲ. ಹಳೇ ಹಾಳೆ ಬಿಸಾಡ್ಬೇಡಿ, ಅದೇ ನಿಮ್ಮ ಅಚ್ಚು. ಹಾಳೆ ಸುತ್ತ ಕೂರುವ ರಬ್ಬರ್ ಬೀಡಿಂಗಿನ ಒಂದು ತುಂಡು ಉಳಿಸಿ, ಅದರ ಅಡ್ಡ ಕೊಯ್ದ ಆಕಾರ ನೋಡಿಯೇ ಹೊಸದು ಹುಡುಕಬೇಕು. ಬರೀ ಎತ್ತರ ಅಗಲ ಹೇಳಿದ್ರೆ ಆಗುದಿಲ್ಲ.

ಮತ್ತೆ ಕೆಳಗಿನ ಫ್ರೇಮಿನ ತೋಡಲ್ಲಿ ಸಣ್ಣ ಸಣ್ಣ ತೂತು ಉಂಟಾ ನೋಡಿ.

ನೆನೆದಹಾಸಿಗೆ:

ಒಳ್ಳೇ ಸುದ್ದಿ ಒಂದು, ಕೆಟ್ಟದ್ದು ಒಂದು.

ಮರಮುಟ್ಟು ಅಣ್ಣ, ತೂತು ಇದೆ! ಪ್ರತಿ ಉದ್ದ ಫ್ರೇಮಿನ ಕೆಳಗೆ ಮೂರು, ಹೊರಗಡೆಗೆ ತೆರೆದಿರೋದು. ಮೂರಕ್ಕೂ ಸಿಲಿಕೋನ್ ತುಂಬಿ ಕೂತಿದೆ, ಒಂದಕ್ಕಂತೂ ನಾನೇ ಹಚ್ಚಿದ್ದು, ಬಣ್ಣದಲ್ಲೇ ಗೊತ್ತಾಗತ್ತೆ. ಅಂದ್ರೆ ಮೇಲಿನ ರಬ್ಬರ್ ದಾಟಿ ಇಳಿದ ನೀರು ಹೊರಗೆ ಹೋಗೋ ದಾರಿ ಅದು, ನಾವು ಅದನ್ನೇ ಮುಚ್ಚಿದ್ರಿಂದ ತೋಡು ತುಂಬಿ ಒಳಗೆ ಚೆಲ್ಲಿದೆ ಅಂತಾಯ್ತು. ಪ್ರತಿ ಪದರಕ್ಕೂ ಸೋರಿಕೆ ಯಾಕೆ ಜಾಸ್ತಿ ಆಯ್ತು ಅಂತ ಈಗ ಅರ್ಥ ಆಯ್ತು.

ಕೆಟ್ಟದ್ದು: ಎಡಗಡೆ ಕಟ್ಔಟ್ ಕೆಳಗೆ ಎರಡು ಫೈಬರ್ ಪದರದ ನಡುವೆ ಪ್ಲೈವುಡ್ ಇದೆ, ಅದು ಕಪ್ಪಾಗಿದೆ, ಸ್ಕ್ರೂಡ್ರೈವರ್ ಚುಚ್ಚಿದ್ರೆ ಒದ್ದೆ ಕೇಕಿಗೆ ಹೋದಂಗೆ ಹೋಗತ್ತೆ. ಸುಮಾರು ಒಂದು ಅಡಿ ಉದ್ದ. ಬೋಟು ಮುಗೀತಾ?

ಮರಮುಟ್ಟು:

ಇಲ್ಲ ಮಾರಾಯ್ರೆ, ಒಂದು ಅಡಿಗೆ ಬೋಟು ಮುಗಿಯುದಿಲ್ಲ, ಕಿಟಕಿ ಬಿಚ್ಚಿದವರಲ್ಲಿ ಅರ್ಧ ಜನಕ್ಕೆ ಇದು ಸಿಕ್ಕೇ ಸಿಗ್ತದೆ. ಮೊದಲು ಎಲ್ಲಿ ತನಕ ಹೋಗಿದೆ ನೋಡಿ, ಸ್ಕ್ರೂಡ್ರೈವರ್ ಹಿಡಿಕೆಯಲ್ಲಿ ಗೋಡೆಗೆ ಬಡೀತಾ ಹೋಗಿ, ಗಟ್ಟಿ ಇರುವ ಕಡೆ ಟಕ್ ಟಕ್, ಕೊಳೆತ ಕಡೆ ಸದ್ದು ಸತ್ತಂತೆ ಡಬ್ ಅನ್ನತ್ತೆ. ಪೆನ್ಸಿಲಲ್ಲಿ ಗುರುತು ಮಾಡಿ.

ಅಂಚಿಗೆ ಮಾತ್ರ ಅಂದ್ರೆ ಹೊರಗಿನ ಒಳಗಿನ ಫೈಬರ್ ಹಾಗೇ ಬಿಟ್ಟು ನಡುವಿನ ಕೊಳೆತದ್ದು ಕೆದಕಿ ತೆಗೀರಿ. ಎಲ್ ಆಕಾರದ ಅಲೆನ್ ಕೀ ಒಂದನ್ನ ಡ್ರಿಲ್ಲಿಗೆ ಸಿಕ್ಕಿಸಿ ಮೆಲ್ಲ ತಿರುಗ್ಸಿದ್ರೆ ಒಳಗೆಲ್ಲ ಕೆರೀತದೆ, ಗಟ್ಟಿ ಮರ ಸಿಗುವ ತನಕ. ಆಮೇಲೆ ಒಣಗ್ಸುದು, ಇದೇ ಕಷ್ಟ, ಎರಡು ದಿನಕ್ಕೆ ಆಗುದಿಲ್ಲ. ಕಟ್ಔಟಿಗೆ ಹೊರಗಿಂದ ಪ್ಲಾಸ್ಟಿಕ್ ಕಟ್ಟಿ, ಒಳಗೆ ಫ್ಯಾನು ಬಿಡಿ, ವಾರಗಟ್ಲೆ ಹೋದ್ರೂ ಹೋಗ್ಲಿ. ಒದ್ದೆ ಮರದ ಮೇಲೆ ಎಪಾಕ್ಸಿ (ಎರಡು ಭಾಗ ಕಲಸಿ ಹಾಕುವ ಗಟ್ಟಿ ಅಂಟು) ಹಾಕಿದ್ರೆ ಕೊಳೆತವನ್ನ ಒಳಗೇ ಕೂಡಿಹಾಕಿದ ಹಾಗೆ. ಒಣಗಿದ ಮೇಲೆ ಮೊದಲು ಬರೀ ಎಪಾಕ್ಸಿ ಬ್ರಶ್ಶಲ್ಲಿ ಕುಡಿಸಿ, ಅದು ಅಂಟಂಟು ಇರುವಾಗ್ಲೇ ಸಿಲಿಕಾ ಪುಡಿ ಕಲಸಿ ದಪ್ಪ ಮಾಡಿದ ಎಪಾಕ್ಸಿ ತುಂಬಿ. ಒಂದೇ ಸಲ ಹಿಡಿ ತುಂಬ ತುಂಬ್ಬೇಡಿ, ಬಿಸಿಯಾಗಿ ಹೊಗೆ ಬರ್ತದೆ. ಸುತ್ತ ನಾಲ್ಕೂ ಕಡೆ ಅಂಚಿಗೆ ಹೀಗೇ ಮಾಡಿ, ಕೊಳೆತ ಕಡೆ ಮಾತ್ರ ಅಲ್ಲ, ಆಗ ಇನ್ನು ಮುಂದೆ ನೀರು ಬಂದ್ರೂ ಮರಕ್ಕೆ ತಾಗುದಿಲ್ಲ. ಸ್ಕ್ರೂ ತೂತುಗಳನ್ನೂ ದೊಡ್ಡದು ಮಾಡಿ ಎಪಾಕ್ಸಿ ತುಂಬ್ಸಿ, ಗಟ್ಟಿಯಾದ ಮೇಲೆ ನಡುವಿಗೆ ಹೊಸ ತೂತು.

ಎಪಾಕ್ಸಿ ಗಟ್ಟಿಯಾದ ಮೇಲೆ ಮೇಲೆ ಮೇಣದ ಹಾಗೆ ಒಂದು ಜಿಡ್ಡು ಏಳ್ತದೆ. ಬರೀ ನೀರು, ಒರಟು ಸ್ಪಂಜು, ಅಷ್ಟೇ ಸಾಕು ತೊಳೆಯುದಕ್ಕೆ. ತೊಳೆಯದೆ ಸ್ಯಾಂಡ್‌ಪೇಪರ್ ಹಾಕಿದ್ರೆ ಜಿಡ್ಡನ್ನೇ ಒಳಗೆ ಉಜ್ಜಿದ ಹಾಗೆ.

ಮಿಲಿಮೀಟರ್:

ಅದು ಒಣಗೋ ಹೊತ್ತಲ್ಲಿ ಹಾಳೆ ಕೆಲಸ ಮಾಡ್ಕೊಳಿ. ಎರಡೂ ಕಡೆಯ ರಕ್ಷಣಾ ಕಾಗದ ತೆಗೀಬೇಡಿ, ಅದರ ಮೇಲೇ ಗುರುತು ಮಾಡಿ ಕತ್ತರಿಸಿ. ಸಣ್ಣ ಹಲ್ಲಿನ ಬ್ಲೇಡು, ನಿಧಾನ, ಬಿಸಿಯಾದ್ರೆ ಕತ್ತರಿಸಿದ್ದೇ ಹಿಂದೆ ಕರಗಿ ಅಂಟ್ಕೊಳತ್ತೆ. ಮೂಲೆ ದುಂಡಗೆ, ಚೂಪು ಮೂಲೆ ಅಂದ್ರೆ ಬಿರುಕಿಗೆ ಆಹ್ವಾನ. ಅಂಚನ್ನ ಸ್ಯಾಂಡ್‌ಪೇಪರಲ್ಲಿ ನಯ ಮಾಡಿ, ಗರಗಸದ ಪ್ರತಿ ಗೀರೂ ಒಂದು ಬಿರುಕಿನ ಬೀಜ. ಫ್ರೇಮಿರೋದ್ರಿಂದ ನಿಮಗೆ ಹಾಳೆಗೆ ತೂತು ಕೊರೆಯೋ ಕೆಲಸ ಇಲ್ಲ, ಪುಣ್ಯ. ಕ್ಲೀನ್ ಮಾಡೋಕೆ ಸೋಪು ನೀರು ಮಾತ್ರ, ಅಸಿಟೋನ್, ತಿನ್ನರ್, ಅಮೋನಿಯಾ ಇರೋ ಗಾಜು ಕ್ಲೀನರ್ ಯಾವುದೂ ಹತ್ರ ಸುಳಿಯಬಾರದು. ನಿಮ್ಮ ಹಳೇ ಹಾಳೆಯ ಜೇಡರ ಬಲೆಗೆ ಬಿಸಿಲಿನ ಜೊತೆ ಯಾರೋ ಪ್ರೀತಿಯಿಂದ ಒರೆಸಿದ ಕ್ಲೀನರೂ ಕಾರಣ ಇರಬಹುದು.

ಹಾಂ, 8.4 ಮೀಟರಿಗೆ ಅಕ್ರಿಲಿಕ್ ಬಗ್ಗಿದ್ದೇ ಗೊತ್ತಾಗಲ್ಲ.

ಉಪ್ಪುನೀರು:

ಫ್ರೇಮಿಗೂ ಗೋಡೆಗೂ ನಡುವೆ ಬ್ಯೂಟೈಲ್ ಟೇಪ್ (ಅಂಟಂಟಾದ ಮೆತ್ತನೆ ರಬ್ಬರ್ ಪಟ್ಟಿ) ಹಾಕಿ, ಸಿಲಿಕೋನ್ ಬೇಡ. ಅದು ಯಾವತ್ತೂ ಗಟ್ಟಿಯಾಗಲ್ಲ, ಮುಂದಿನ ಸಲ ಬಿಚ್ಚೋಕೂ ಸುಲಭ. ಸ್ಕ್ರೂ ಹಾಕುವಾಗ ಪ್ರತಿಯೊಂದರ ತಲೆ ಕೆಳಗೆ ಬ್ಯೂಟೈಲಿನ ಸಣ್ಣ ಬತ್ತಿ ಸುತ್ತಿ, ಎಳೆಗೆ ಟೆಫ್‌ಜೆಲ್ ಅನ್ನೋ ತುಕ್ಕು ತಡೆಯೋ ಪೇಸ್ಟ್ ಹಚ್ಚಿ, ಸ್ಟೇನ್‌ಲೆಸ್ಸಿಗೂ ಅಲ್ಯೂಮಿನಿಯಂಗೂ ನಡುವೆ ಮತ್ತೆ ಬಿಳಿ ಪುಡಿ ಆಗದೇ ಇರ್ಲಿ. ಹಾಳೆಗೂ ಫ್ರೇಮಿಗೂ ಹೊಸ ರಬ್ಬರ್. ಆ ಮೂರು ತೂತಿಗೆ ಮಾತ್ರ ಏನೂ ಹಚ್ಚಬೇಡಿ, ನಿಮ್ಮ ಕೈ ಕಟ್ಟಿಹಾಕ್ಕೊಂಡ್ರೂ ಪರವಾಗಿಲ್ಲ 😄

ನೆನೆದಹಾಸಿಗೆ:

ಐದು ವಾರ ಆಯ್ತು. ಎಪಾಕ್ಸಿ ಕೆಲಸ ಎಲ್ಲಾ ಮುಗೀತು, ಒಣಗ್ಸೋಕೇ ಮೂರು ವಾರ ಹಿಡೀತು. ಎಡಗಡೆ ಎರಡೂ ಕಿಟಕಿ ನಿನ್ನೆ ಕೂರ್ಸಿದೆ. ಸ್ಕ್ರೂ ಬಿಗಿ ಮಾಡಿದಾಗ ಸುತ್ತಲೂ ಬ್ಯೂಟೈಲ್ ಹೊರಗೆ ಬಂತು, ನೋಡೋಕೆ ಖುಷಿ ಆಯ್ತು, ಆದ್ರೆ ಇವತ್ತು ಬೆಳಗ್ಗೆ ನೋಡಿದ್ರೆ ಎಲ್ಲಾ ಸ್ಕ್ರೂನೂ ಕಾಲು ಸುತ್ತು ಸಡಿಲ ಇದೆ! ಮತ್ತೆ ಬಿಗಿ ಮಾಡ್ದೆ, ಇನ್ನಷ್ಟು ಹೊರಗೆ ಬಂತು. ಏನೋ ತಪ್ಪು ಮಾಡಿದೀನಾ? ಹೊರಗೆ ಬಂದಿದ್ದನ್ನ ಈಗಲೇ ಕತ್ತರಿಸಬಹುದಾ?

ಉಪ್ಪುನೀರು:

ತಪ್ಪಲ್ಲ, ಬ್ಯೂಟೈಲ್ ಹಾಗೇ, ನಿಧಾನಕ್ಕೆ ಹರಿಯತ್ತೆ. ಬಿಸಿಲಿರೋ ಮಧ್ಯಾಹ್ನ ಸಲ್ಪ ಮೆತ್ತಗಾದಾಗ ಕಾಲು ಸುತ್ತು, ನಾಳೆ ಮತ್ತೆ, ಎದುರು ಬದುರು ಸ್ಕ್ರೂ ಹಿಡಿದು. ಮೂರ್ನಾಲ್ಕು ದಿನ ಆದ್ಮೇಲೆ ಹೊಸದಾಗಿ ಹೊರಗೆ ಬರೋದು ನಿಂತ್ರೆ ನೀವೂ ನಿಲ್ಸಿ, ಸುಮ್ನೆ ಇನ್ನೂ ಬಿಗಿ ಮಾಡ್ತಾ ಹೋದ್ರೆ ಎಲ್ಲಾ ಹಿಂಡಿ ಹೋಗಿ ಲೋಹ ಗೋಡೆಗೆ ತಾಗತ್ತೆ. ಹೊರಗೆ ಬಂದಿದ್ದನ್ನ ಆಮೇಲೆ ಪ್ಲಾಸ್ಟಿಕ್ ಚೂರಲ್ಲಿ ಕೊಯ್ದು ತೆಗೀರಿ, ಲೋಹದ ಬ್ಲೇಡು ಹಾಳೆಗೆ ತಾಗ್ಸಬೇಡಿ. ಪೆಟ್ರೋಲ್, ಸೀಮೆಎಣ್ಣೆ ಹಚ್ಚಿ ಒರೆಸಬೇಡಿ, ಬ್ಯೂಟೈಲ್ ಕರಗಿ ಒಳಗಿಂದನೂ ಎದ್ದು ಬರತ್ತೆ. ತೆಗೆದಿದ್ದನ್ನ ಉಂಡೆ ಮಾಡಿ ಇಟ್ಕೊಳಿ, ಆ ಕಂಬಿಯ ಎರಡನೇ ಸ್ಕ್ರೂಗೆ ಬೇಕಾಗತ್ತೆ.

ನೆನೆದಹಾಸಿಗೆ:

ಅಯ್ಯೋ, ಕಂಬಿ ಮರೆತೇ ಹೋಗಿತ್ತು.